ಕೋಟೆಗೆ ಚರಿತ್ರೆ, ಕೆರೆಗೆ ಬರೀ ಬುತ್ತಿ?

ದಸರಾ ರಜೆ ಬಂತೆಂದರೆ ಲಿಂಗದಹಳ್ಳಿ ಸರ್ಕಲ್ಲಿನ ಟೀ ಅಂಗಡಿ ಮುಂದೆ ಬೆಂಗಳೂರಿನ ಕಾರುಗಳು ನಿಲ್ಲುತ್ತವೆ. ಊರು ಇರುವ ಜಾಗವೇ ಹಾಗೆ. ಒಂದು ದಾರಿ ತರೀಕೆರೆಗೆ, ಒಂದು ಬೀರೂರಿಗೆ, ಒಂದು ಕಲ್ಲತ್ತಿಪುರದ ಮೇಲೆ ಕೆಮ್ಮಣ್ಣುಗುಂಡಿಗೆ, ಇನ್ನೊಂದು ಸಂತವೇರಿ ಘಾಟಿ ಹತ್ತಿ ಚಿಕ್ಕಮಗಳೂರಿಗೆ. ಬೆಟ್ಟ, ಜಲಪಾತ ಮುಗಿಸಿ ಇಳಿದವರ ಕೈಯಲ್ಲಿ ಇನ್ನೊಂದು ದಿನ ಉಳಿದಿರುತ್ತದೆ. ಅಲ್ಲಿಂದ ಶುರುವಾಗುತ್ತದೆ ಪಂಚಾಯಿತಿ. 'ಚಿತ್ರದುರ್ಗಕ್ಕೆ ಹೋಗೋಣ, ಮಕ್ಕಳಿಗೆ ನಾಲ್ಕು ವಿಷಯ ಗೊತ್ತಾಗುತ್ತೆ' ಎನ್ನುತ್ತಾರೆ ಮೇಷ್ಟರಾಗಿದ್ದ ಅಜ್ಜ. 'ಅಷ್ಟು ದೂರ ಯಾಕಪ್ಪಾ, ಅಯ್ಯನಕೆರೆ ದಡದಲ್ಲಿ ಆರಾಮಾಗಿ ಕೂತು ಊಟ ಮಾಡ್ಕೊಂಡು ಬರೋಣ' ಎನ್ನುತ್ತಾನೆ ಸ್ಟೀರಿಂಗ್ ಹಿಡಿದು ಸುಸ್ತಾದ ಮಗ. ಮಕ್ಕಳು ಫೋನಿನಿಂದ ತಲೆ ಎತ್ತುವುದಿಲ್ಲ.

ಕೊನೆಗೆ ಗೆಲ್ಲುವುದು ಯಾರೇ ಆಗಲಿ, ಈ ಜಗಳದಲ್ಲಿ ಎರಡೂ ಕಡೆಯವರು ಒಂದು ಮಾತನ್ನು ಚರ್ಚೆಯೇ ಇಲ್ಲದೆ ಒಪ್ಪಿಕೊಂಡುಬಿಟ್ಟಿರುತ್ತಾರೆ: ಕೋಟೆ ಎಂದರೆ ಇತಿಹಾಸ, ಕೆರೆ ಎಂದರೆ ಗಾಳಿ ಬೆಳಕು. ಕೋಟೆಗೆ ಹೋದರೆ ಕಲಿಕೆ, ಕೆರೆಗೆ ಹೋದರೆ ಮೋಜು. ಶಾಲೆಗಳ ಲೆಕ್ಕವೂ ಇದೇ. ಕೋಟೆ, ಅರಮನೆ, ದೇವಾಲಯಕ್ಕೆ ಹೋಗುವ ಬಸ್ಸಿನ ಮೇಲೆ 'ಶೈಕ್ಷಣಿಕ ಪ್ರವಾಸ' ಎಂಬ ಬ್ಯಾನರ್. ನೀರಿರುವ ಕಡೆ ಹೋದರೆ ಅದು ಹೊರಸಂಚಾರ, ಚಿತ್ರಾನ್ನ, ಮೊಸರನ್ನ. ನನ್ನ ತಕರಾರು ಈ ಒಪ್ಪಂದದ ಮೇಲೆಯೇ. ಕಡೂರು, ತರೀಕೆರೆ, ಅಜ್ಜಂಪುರದ ಸೀಮೆಯಲ್ಲಿ ಇತಿಹಾಸ ಹುಡುಕುವವರು ಮೊದಲು ಹತ್ತಬೇಕಾದದ್ದು ಕೆರೆ ಏರಿಯನ್ನು. ಒಂದೇ ದಿನ ಉಳಿದಿದೆ ಎಂದಾದರೆ ಕೋಟೆಯನ್ನು ಬಿಟ್ಟು ಕೆರೆಗೇ ಹೋಗಿ. ಆದರೆ ಹೋಗುವಾಗ ಒಂದು ಸ್ಮಾರಕಕ್ಕೆ ಹೊರಟವರ ಹಾಗೆ ಹೋಗಿ.

ಕನ್ನಡದ ಮಕ್ಕಳಿಗೆ ಈ ಸೀಮೆಯ ಪರಿಚಯ ಆಗುವುದೇ ಏರಿಯ ಮೇಲೆ. ತರೀಕೆರೆ ಏರಿಯ ಕರಿ ಕುರಿಮರಿಗಳ ಆ ನಾಲಿಗೆ ಸರ್ಕಸ್ಸನ್ನು ತೊದಲದೆ ಹೇಳಲು ಹೆಣಗದ ಮಗು ಇಲ್ಲ. ಅದೇ ತರೀಕೆರೆಯಲ್ಲಿ ಪಾಳೆಯಗಾರರೂ ಇದ್ದರು. ಸಂತೇಬೆನ್ನೂರಿನಲ್ಲಿ ಬಿಜಾಪುರದ ಸೈನ್ಯಕ್ಕೆ ನೆಲೆ ಬಿಟ್ಟುಕೊಟ್ಟ ನಾಯಕ ಮನೆತನ ಇತ್ತ ಕಲ್ದುರ್ಗಕ್ಕೆ ಸರಿದು, ಆಮೇಲೆ ತರೀಕೆರೆಯಲ್ಲಿ ಬೇರೂರಿತು. 1830ರಲ್ಲಿ ನಗರ ಸೀಮೆಯ ರೈತರು ಕಂದಾಯದ ಹಿಂಸೆ ತಾಳಲಾರದೆ ದಂಗೆ ಎದ್ದಾಗ ಈ ಮನೆತನ ಅವರ ಜೊತೆ ನಿಂತಿತು. ಆ ದಂಗೆಯನ್ನೇ ನೆಪ ಮಾಡಿಕೊಂಡು 1831ರಲ್ಲಿ ಬ್ರಿಟಿಷರು ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಮೈಸೂರಿನ ಆಡಳಿತ ಕಿತ್ತುಕೊಂಡರು. ಮತ್ತೆ ಅರಸರಿಗೆ ಅದು ಸಿಕ್ಕಿದ್ದು 1881ರಲ್ಲಿ. ತರೀಕೆರೆಯ ಸರ್ಜಾ ಹನುಮಪ್ಪ ನಾಯಕ 1834ರಲ್ಲಿ ಸಿಕ್ಕಿಬಿದ್ದು ನೇಣಿಗೇರಿದ. ಐವತ್ತು ವರ್ಷ ಮೈಸೂರಿನ ಹಣೆಬರಹ ಬದಲಿಸಿದ ಘಟನೆಯ ಒಂದು ಎಳೆ ಇಲ್ಲಿಂದ ಹೊರಟಿದೆ. ಆದರೂ ಪ್ರವಾಸಿಗೆ ಟಿಕೆಟ್ ಕೊಟ್ಟು ತೋರಿಸುವಂಥ ಬುರುಜು ಇಲ್ಲವಲ್ಲ! ಹಾಗಾಗಿ ತರೀಕೆರೆ ನಮ್ಮ ಕಣ್ಣಿಗೆ ಬರೀ ಬಸ್ಸು ಬದಲಿಸುವ ಊರು. ಇತಿಹಾಸವನ್ನು ಗೋಡೆಯ ಎತ್ತರದಿಂದ ಅಳೆಯುವ ಅಭ್ಯಾಸ ನಮ್ಮನ್ನು ಎಷ್ಟು ಕುರುಡರನ್ನಾಗಿಸಿದೆ ಎನ್ನುವುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ಬೇಡ.

ಹಾಗೆಂದು ಚಿತ್ರದುರ್ಗವನ್ನು ನಾನು ಕಡೆಗಣಿಸುತ್ತಿಲ್ಲ. ಆ ಏಳುಸುತ್ತಿನ ಕೋಟೆ ಕರ್ನಾಟಕದ ದೊಡ್ಡ ಸಾಧನೆಗಳಲ್ಲೊಂದು. ಆದರೆ ಅದನ್ನು ನಾವು ನೋಡುವುದು ಹೇಗೆ? ಬಾಗಿಲು, ಬಾಗಿಲ ತಿರುವು, ಫಿರಂಗಿ, 1779ರಲ್ಲಿ ಹೈದರಾಲಿ ಗೆದ್ದದ್ದು, ಮದಕರಿ ನಾಯಕ ಸೆರೆಯಾದದ್ದು, ಒಂದಷ್ಟು ಫೋಟೊ. ಇಷ್ಟರಲ್ಲಿ ಬಿಸಿಲು ನೆತ್ತಿಗೇರಿ, ಮಕ್ಕಳು ಐಸ್‌ಕ್ರೀಮ್ ಕೇಳುತ್ತಾರೆ. ನಿಜವಾಗಿ ಆ ಬಂಡೆಗಳ ನಡುವೆ ಅಷ್ಟು ಜನ ವರ್ಷಗಟ್ಟಲೆ ಬದುಕಲು ಸಾಧ್ಯವಾದದ್ದು ಗೋಡೆಯಿಂದಲ್ಲ. ಗೋಪಾಲಸ್ವಾಮಿ ಹೊಂಡ, ಅಕ್ಕತಂಗಿ ಹೊಂಡ, ಸಿಹಿನೀರು ಹೊಂಡ, ಸಂತೆಹೊಂಡ: ಮೇಲಿನದು ತುಂಬಿ ಕೆಳಗಿನದಕ್ಕೆ ಹರಿದು, ಬೆಟ್ಟದ ಮೇಲೆ ಬಿದ್ದ ಮಳೆ ಊರಿನ ಕೆಳಗಿನ ತುದಿವರೆಗೆ ಇಳಿಯುವ ಏರ್ಪಾಡು ಅದು. ಓಬವ್ವ ಹೈದರನ ಸೈನಿಕರನ್ನು ಕಂಡದ್ದಾದರೂ ಯಾವಾಗ? ಊಟಕ್ಕೆ ಕೂತ ಗಂಡನಿಗೆ ನೀರು ತರಲು ಹೋದಾಗ. ಕೋಟೆಯ ಅತ್ಯಂತ ಪ್ರಸಿದ್ಧ ಕಥೆ ಕೊಡಪಾನದಿಂದ ಶುರುವಾಗುತ್ತದೆ. ನಮಗೆ ನೆನಪಿರುವುದು ಒನಕೆ ಮಾತ್ರ.

ಕೋಟೆಗೆ ಅನ್ನ ಎಲ್ಲಿಂದ ಬಂತು, ಎತ್ತು ಎಲ್ಲಿಂದ ಬಂತು ಎಂದು ಕೇಳಿದರೂ ಉತ್ತರ ಕೋಟೆಯ ಹೊರಗೇ ಸಿಗುತ್ತದೆ. ಅಜ್ಜಂಪುರ, ಬೀರೂರಿನ ಸುತ್ತ ಹುಲ್ಲುಗಾವಲಾಗಿ ಬಿದ್ದಿರುವ ಕಾವಲುಗಳಲ್ಲಿ ಮೈಸೂರಿನ ದಳಗಳಿಗೆ ಫಿರಂಗಿ ಎಳೆಯುವ ಅಮೃತಮಹಲ್ ಎತ್ತುಗಳು ಬೆಳೆದವು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ದನ ಸಾಕುವ ಇಲಾಖೆಯಾಗಿದ್ದ ಬೆಣ್ಣೆ ಚಾವಡಿಯಿಂದ ಹೈದರ್, ಟಿಪ್ಪುವಿನ ಸೈನ್ಯದವರೆಗೆ ಈ ತಳಿಯ ಹೆಜ್ಜೆ ಇದೆ. ಅಜ್ಜಂಪುರದ ತಳಿ ಸಂವರ್ಧನಾ ಕೇಂದ್ರ ಇಂದಿಗೂ ಅದನ್ನು ಸಾಕುತ್ತಿದೆ. ಪ್ರವಾಸದ ಪಟ್ಟಿಯಲ್ಲಿ ಅದನ್ನು ಬರೆದುಕೊಂಡ ಒಂದು ಕುಟುಂಬವನ್ನೂ ನಾನು ಕಂಡಿಲ್ಲ.

ಈಗ ಕೆರೆಗೆ ಬರೋಣ. ಲಿಂಗದಹಳ್ಳಿಯಿಂದ ಬೀರೂರು, ಕಡೂರು ದಾಟಿ ಚಿಕ್ಕಮಗಳೂರಿನ ದಾರಿ ಹಿಡಿದರೆ ಸಖರಾಯಪಟ್ಟಣ. ಅದರ ಮಗ್ಗುಲಿಗೆ ಅಯ್ಯನಕೆರೆ. ಬಾಬಾಬುಡನ್ ಗಿರಿಯಿಂದ ಇಳಿಯುವ ಗೌರಿಹಳ್ಳಕ್ಕೆ ಗುಡ್ಡಗಳ ನಡುವಿನ ಇಕ್ಕಟ್ಟಿನಲ್ಲಿ ಅಡ್ಡಗಟ್ಟೆ ಹಾಕಿ, ಹಿಂದಿನ ಬಟ್ಟಲಿನಂಥ ಕಣಿವೆಯನ್ನೆಲ್ಲ ತುಂಬಿಸಿಕೊಂಡ ಜಾಗ. ಸಖರಾಯಪಟ್ಟಣದ ರುಕ್ಮಾಂಗದ ರಾಯ ಕಟ್ಟಿಸಿದ ಎನ್ನುತ್ತದೆ ಐತಿಹ್ಯ. 1156ರಲ್ಲಿ, ಹೊಯ್ಸಳರ ಕಾಲದಲ್ಲಿ, ಅದರ ಜೀರ್ಣೋದ್ಧಾರ ನಡೆಯಿತು. ಗಮನಿಸಿ: ಆ ವರ್ಷ ನಡೆದದ್ದು ರಿಪೇರಿ. ಅಂದರೆ ಹೈದರಾಲಿ ದುರ್ಗ ಗೆಲ್ಲುವುದಕ್ಕೆ ಆರುನೂರು ವರ್ಷಗಳ ಹಿಂದೆಯೇ ಈ ಕೆರೆ ದುರಸ್ತಿಗೆ ಬರುವಷ್ಟು ಹಳೆಯದಾಗಿತ್ತು. ತರೀಕೆರೆ ಪಕ್ಕದ ಅಮೃತಾಪುರದಲ್ಲಿ ಅಮೃತೇಶ್ವರ ಗುಡಿ ಎದ್ದದ್ದು 1196ರಲ್ಲಿ. ಮಲ್ಲಿತಮ್ಮನಂಥ ರೂವಾರಿ ದುಡಿದ, ರಾಮಾಯಣ, ಭಾಗವತ, ಮಹಾಭಾರತದ 140 ಕೆತ್ತನೆಗಳಿರುವ ಆ ಗುಡಿಗಿಂತಲೂ ಕೆರೆಯೇ ಹಿರಿಯದು. ವಯಸ್ಸಿಗೆ ಮರ್ಯಾದೆ ಕೊಡುವುದೇ ಇತಿಹಾಸ ಪ್ರೇಮವಾಗಿದ್ದರೆ, ಈ ಏರಿಯ ಮೇಲೆ ಚಪ್ಪಲಿ ಬಿಟ್ಟು ನಡೆಯಬೇಕಿತ್ತು.

ವಯಸ್ಸು ಮಾತ್ರವೇ ನನ್ನ ವಾದವಲ್ಲ. ಏರಿಯ ಮೇಲೆ ನಿಂತು ಮಕ್ಕಳಿಗೆ ಏನು ತೋರಿಸಬಹುದು ನೋಡಿ. ಒಳಮೈಗೆ ಹಾಸಿದ ಕಲ್ಲು: ಗಾಳಿಗೆ ಎದ್ದ ಅಲೆ ದಿನವೂ ಬಡಿದು ಮಣ್ಣು ಕೊರೆಯದಿರಲಿ ಎಂದು. ಹಳೆಯ ಕೆರೆಗಳ ತೂಬು ನೋಡಿದರಂತೂ ನಮ್ಮ ಹಿರಿಯರ ಎಂಜಿನಿಯರಿಂಗ್ ಅಂಗೈ ಮೇಲೆ ಇಟ್ಟ ಹಾಗೆ. ನೀರಿನೊಳಗಿಂದ ಎದ್ದ ಎರಡು ಕಲ್ಲುಕಂಬ, ಅವಕ್ಕೆ ಅಡ್ಡಲಾಗಿ ಕಲ್ಲಿನ ಹಲಗೆ, ಹಲಗೆಯ ನಡುವೆ ತೂತು, ಆ ತೂತಿನಲ್ಲಿ ಇಳಿಬಿಟ್ಟ ಗಳ, ಗಳದ ತುದಿಯಲ್ಲಿ ಬಿರಡೆ. ಏರಿಯ ಅಡಿಯಲ್ಲಿ ಕಲ್ಲಿನ ಕಾಲುವೆ. ನೀರಗಂಟಿ ಬಿರಡೆಯನ್ನು ಗೇಣು ಎತ್ತಿದರೆ ಗದ್ದೆಗೆ ನೀರು, ಕೂರಿಸಿದರೆ ಬಂದ್. ಆಚೆ ತುದಿಯಲ್ಲಿ ಕೋಡಿ. ಅದರ ಎತ್ತರ ಏರಿಗಿಂತ ಎಷ್ಟು ಕೆಳಗಿರಬೇಕು ಎನ್ನುವ ಲೆಕ್ಕ ತಪ್ಪಿದರೆ ಮಳೆಗಾಲದ ಒಂದು ರಾತ್ರಿ ಸಾಕು, ಏರಿ ಕೊಚ್ಚಿಹೋಗಲು. 'ಹೆಚ್ಚಾದ ನೀರು ಎಲ್ಲಿ ಹೋಗಬೇಕು ಅಂತ ಮೊದಲೇ ಯಾಕೆ ಯೋಚಿಸಿದರು?' ಎಂದು ಹತ್ತು ವರ್ಷದ ಹುಡುಗಿಯನ್ನು ಕೇಳಿ. ಉತ್ತರ ಅವಳೇ ಹುಡುಕುತ್ತಾಳೆ. ಕೋಟೆಯಲ್ಲಿ ಗೈಡ್ ಹೇಳಿದ ಇಸವಿಯನ್ನು ಮಗು ಬಾಯಿಪಾಠ ಮಾಡುತ್ತದೆ. ಇಲ್ಲಿ ತಲೆ ಓಡಿಸುತ್ತದೆ.

ಕೋಟೆಗೆ ದಾಖಲೆ ಇದೆ, ಕೆರೆಗೆ ಏನಿದೆ ಎನ್ನುವವರು ಬಿ.ಎಲ್. ರೈಸ್ 1901ರಲ್ಲಿ ಹೊರತಂದ 'ಎಪಿಗ್ರಾಫಿಯಾ ಕರ್ನಾಟಿಕಾ'ದ ಆರನೆಯ ಸಂಪುಟ ತಿರುವಿ ಹಾಕಲಿ. ಆಗ ಇದು ಕಡೂರು ಜಿಲ್ಲೆ. ಚಿಕ್ಕಮಗಳೂರು ಜಿಲ್ಲೆ ಎಂಬ ಹೆಸರು ಬಂದದ್ದು 1947ರಲ್ಲಿ. ನಮ್ಮ ಶಾಸನಗಳಲ್ಲಿ ಯುದ್ಧದ ವೀರಗಲ್ಲುಗಳ ಜೊತೆ ಜೊತೆಗೇ ಕೆರೆಯ ವ್ಯವಹಾರವೂ ಬರುತ್ತದೆ. ಕೆರೆ ಕಟ್ಟಿದವನಿಗೆ ಬಿಟ್ಟ ಕಟ್ಟುಗೊಡಗಿ ಭೂಮಿ, ಕೆರೆಯ ಖರ್ಚಿಗೆ ಬಿತ್ತುವಟ್ಟ, ಹೂಳು ಹೊರುವ ಬಂಡಿಗೆ ದತ್ತಿ. ಕೋಟೆ ಕಟ್ಟುವುದು ಅರಸನ ಆಜ್ಞೆಯಿಂದ ಆಗಿಹೋಗುವ ಕೆಲಸ. ಕೆರೆಯನ್ನು ಮಾತ್ರ ಊರು ವರ್ಷ ವರ್ಷವೂ ಉಳಿಸಿಕೊಳ್ಳಬೇಕು: ಹೂಳು ತೆಗೆಯಬೇಕು, ಏರಿಯ ಬಿರುಕು ಮುಚ್ಚಬೇಕು, ನೀರಿನ ಸರದಿ ನ್ಯಾಯವಾಗಿ ಹಂಚಬೇಕು. ತೂಬಿನ ಹತ್ತಿರದ ಗದ್ದೆಯವನಿಗೂ ಅಚ್ಚುಕಟ್ಟಿನ ಕೊನೆಯ ಗದ್ದೆಯವನಿಗೂ ಜಗಳ ಇದ್ದದ್ದೇ. ಯಾರ ಜಾತಿಯವರು ಮಣ್ಣು ಹೊತ್ತರು, ಯಾರ ಗದ್ದೆಗೆ ಮೊದಲು ನೀರು ಹರಿಯಿತು ಎಂಬ ಪ್ರಶ್ನೆಗಳೂ ಆ ಏರಿಯಲ್ಲೇ ಹೂತಿವೆ. ರಾಜರ ಪಟ್ಟಿಯಲ್ಲಿ ಸಿಗದ ಸಮಾಜ ಇಲ್ಲಿ ಸಿಗುತ್ತದೆ, ಅದರ ಅನ್ಯಾಯದ ಸಮೇತ.

ಆ ಅನ್ಯಾಯಕ್ಕೆ ಅಯ್ಯನಕೆರೆಯ ಕಥೆಯೇ ಸಾಕ್ಷಿ. ಏರಿ ಒಡೆಯುವ ಹೊತ್ತಿಗೆ ಕೆರೆಯ ದೇವಿ ಹೊನ್ನಬಿಲ್ಲ ಎಂಬ ನೀರಗಂಟಿಗೆ ಕಾಣಿಸಿಕೊಂಡು, ತಾನಿನ್ನು ಹೊರಟೆ ಎಂದಳಂತೆ. ಒಡೆಯನಿಗೆ ತಿಳಿಸಿ ಬರುತ್ತೇನೆ, ನಾನು ವಾಪಸು ಬರುವವರೆಗೆ ನಿಲ್ಲು ತಾಯಿ ಎಂದು ಅವನು ಬೇಡಿದ. ಅವಳು ಮಾತು ಕೊಟ್ಟಳು. ಅವನು ಸಖರಾಯಪಟ್ಟಣಕ್ಕೆ ಓಡಿದ. ಸುದ್ದಿ ಕೇಳಿದ ಒಡೆಯ ಒಂದು ಲೆಕ್ಕ ಹಾಕಿದ: ಇವನು ವಾಪಸು ಹೋಗದಿದ್ದರೆ ದೇವಿ ಕದಲುವಂತಿಲ್ಲ. ನೀರಗಂಟಿಯ ತಲೆ ಉರುಳಿತು, ಕೆರೆ ಉಳಿಯಿತು. ಸಖರಾಯಪಟ್ಟಣದಲ್ಲಿ ಅವನ ನೆನಪಿನ ಸ್ಮಾರಕವೂ ಉಂಟು.

ಓಬವ್ವನ ಪಕ್ಕ ಈ ಹೊನ್ನಬಿಲ್ಲನನ್ನು ನಿಲ್ಲಿಸಿ ನೋಡಿ. ಇಬ್ಬರೂ ಸಾಮಾನ್ಯರು, ಇಬ್ಬರೂ ಕಾವಲಿನ ಕೆಲಸಕ್ಕೆ ಜೀವ ತೆತ್ತವರು ಎನ್ನುತ್ತದೆ ಜನರ ಬಾಯಿ. ಓಬವ್ವನನ್ನು ಕೊಂದದ್ದು ಶತ್ರು; ಹೊನ್ನಬಿಲ್ಲನನ್ನು ಕೊಂದದ್ದು ಅವನು ನಂಬಿದ ಒಡೆಯ. ಮೊದಲನೆಯದರಲ್ಲಿ ಯಾರ ಪರ ನಿಲ್ಲಬೇಕೆಂಬ ಗೊಂದಲ ಮಗುವಿಗೆ ಬರುವುದಿಲ್ಲ. ಎರಡನೆಯದರಲ್ಲಿ ಬರುತ್ತದೆ. 'ಊರು ಉಳಿಯುವುದಕ್ಕೆ ಒಬ್ಬನನ್ನು ಕೊಲ್ಲಬಹುದಾ?' ಎಂದು ಊಟದ ಹೊತ್ತಿಗೆ ಮಗಳು ಕೇಳಿದರೆ ಅಪ್ಪನ ತುತ್ತು ಗಂಟಲಲ್ಲೇ ನಿಲ್ಲಬೇಕು. ಈ ಕಥೆ ಯಾಕೆ ಮನೆಮಾತಾಗಲಿಲ್ಲ? ಓಬವ್ವನಿಗೆ 1972ರಲ್ಲಿ ಪುಟ್ಟಣ್ಣ ಕಣಗಾಲರ 'ನಾಗರಹಾವು' ಸಿಕ್ಕಿತು; ಜಯಂತಿಯವರು ಒನಕೆ ಹಿಡಿದ ಆ ದೃಶ್ಯ ಕೋಟೆಯನ್ನು ಮನೆಮನೆಗೆ ತಂದಿತು. ಹೊನ್ನಬಿಲ್ಲನಿಗೆ ಪುಟ್ಟಣ್ಣ ಸಿಗಲಿಲ್ಲ. ಕೋಟೆಯಲ್ಲಿ ಕಥೆ ಇದೆ, ಕೆರೆಯಲ್ಲಿ ಇಲ್ಲ ಎಂಬ ನಂಬಿಕೆಯ ಹಿಂದೆ ಇರುವುದು ಇಷ್ಟೇ.

ಇನ್ನು ನೀರಿನ ಪಕ್ಷದವರ ಕಡೆ ತಿರುಗೋಣ. 'ಮಕ್ಕಳು ಪ್ರಕೃತಿ ನೋಡಲಿ' ಎಂಬ ಅವರ ಮಾತೂ ಅಷ್ಟೇ ಪೊಳ್ಳು. ಅಯ್ಯನಕೆರೆ ಪ್ರಕೃತಿ ಕೊಟ್ಟದ್ದಲ್ಲ, ಬುಟ್ಟಿ ಬುಟ್ಟಿ ಮಣ್ಣು ಹೊತ್ತು ಮಾಡಿದ್ದು. ತರೀಕೆರೆ ದಾಟಿ ಲಕ್ಕವಳ್ಳಿಗೆ ಹೋದರೆ ಕಾಣುವ ಭದ್ರಾ ಹಿನ್ನೀರಂತೂ 1965ರ ಹೊತ್ತಿಗೆ ಪೂರ್ಣಗೊಂಡ ಅಣೆಕಟ್ಟೆಯ ಫಲ. 71.5 ಟಿಎಂಸಿ ನೀರು ನಿಂತ ಆ ಜಾಗದ ಅಡಿಯಲ್ಲಿ ಜನ ಉತ್ತು ಬಿತ್ತಿದ ಹೊಲಗಳಿವೆ. ಬೇಸಿಗೆಯಲ್ಲಿ ನೀರು ಇಳಿದು ನಡುಗಡ್ಡೆಗಳು ತಲೆ ಎತ್ತಿದಾಗ ರಿವರ್ ಟರ್ನ್ ಹಕ್ಕಿಗಳು ಸಾವಿರಗಟ್ಟಲೆ ಬಂದು ಮೊಟ್ಟೆ ಇಡುತ್ತವೆ. ಅದನ್ನು ನೋಡಲು ಕ್ಯಾಮೆರಾ ಹೊತ್ತವರೂ ಬರುತ್ತಾರೆ. ಆ ನಡುಗಡ್ಡೆಗಳು ಹಿಂದೆ ಗುಡ್ಡದ ನೆತ್ತಿಗಳು. ಹಕ್ಕಿಗೆ ನೆಲೆ ಕೊಟ್ಟದ್ದು ಮನುಷ್ಯನನ್ನು ಎಬ್ಬಿಸಿದ ನೀರು. ಆಚೆಯ ಭದ್ರಾ ಕಾಡು 1998ರಲ್ಲಿ ಹುಲಿ ಯೋಜನೆಗೆ ಸೇರಿ, 2001-02ರ ಸುಮಾರಿಗೆ ಒಳಗಿನ ಹಳ್ಳಿಗಳ ನಾನೂರಕ್ಕೂ ಹೆಚ್ಚು ಕುಟುಂಬಗಳು ಹೊರಬಂದವು. ಅವರಲ್ಲಿ ಬಹಳಷ್ಟು ಮಂದಿಗೆ ಹೊಸ ಊರು ಕಟ್ಟಿಕೊಟ್ಟದ್ದು ಇದೇ ತರೀಕೆರೆ ತಾಲ್ಲೂಕಿನ ಎಂ.ಸಿ. ಹಳ್ಳಿಯಲ್ಲಿ. ಹಿನ್ನೀರಿನ ದಂಡೆಯಲ್ಲಿ ಕೂತು 'ಎಷ್ಟು ಪ್ರಶಾಂತವಾಗಿದೆ' ಎನ್ನುವವರು, ಆ ಪ್ರಶಾಂತಿಗೆ ಯಾರು ಜಾಗ ಖಾಲಿ ಮಾಡಿಕೊಟ್ಟರು ಎಂದು ಒಂದು ಸಲವಾದರೂ ವಿಚಾರಿಸಬೇಕು.

ಕೆರೆಯ ಇನ್ನೊಂದು ಗುಣ, ಅದರ ಕಥೆ ಇನ್ನೂ ಮುಗಿದಿಲ್ಲ. ಅಯ್ಯನಕೆರೆಯ ಕಡೆಯಿಂದ ಬರುವ ವೇದಾ, ಮದಗದ ಕೆರೆಯ ಕಡೆಯಿಂದ ಬರುವ ಆವತಿ, ಎರಡೂ ಕಡೂರಿನ ಹತ್ತಿರ ಕೂಡಿ ವೇದಾವತಿಯಾಗುತ್ತವೆ. ಆ ನದಿಗೆ ಹಿರಿಯೂರಿನ ಮಾರಿಕಣಿವೆಯಲ್ಲಿ ಮೈಸೂರು ಸಂಸ್ಥಾನ ಕಟ್ಟಿಸಿದ ವಾಣಿವಿಲಾಸ ಸಾಗರ 1907ರಲ್ಲಿ ಮುಗಿಯಿತು. 1933ರಲ್ಲಿ ಕೋಡಿ ಬಿದ್ದ ಆ ಜಲಾಶಯ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಎಂಬತ್ತೊಂಬತ್ತು ವರ್ಷ ಕಾದ ಜನ ಅಲ್ಲಿ ಜಾತ್ರೆಯನ್ನೇ ಮಾಡಿದರು. ಈ ನಡುವೆ ಭದ್ರಾ ಮೇಲ್ದಂಡೆ ಯೋಜನೆ ಬಂದು, ತುಂಗಾ ಮತ್ತು ಭದ್ರಾದ 29.9 ಟಿಎಂಸಿ ನೀರನ್ನು ಮಧ್ಯ ಕರ್ನಾಟಕಕ್ಕೆ ಹಾಯಿಸುವ ಲೆಕ್ಕದಲ್ಲಿ ಅಜ್ಜಂಪುರದ ಬಳಿ ಸುರಂಗ ಕೊರೆಯಿತು. ಅಂದರೆ ಹೊಯ್ಸಳರ ಕಾಲದಲ್ಲಿ ರಿಪೇರಿಯಾದ ಕೆರೆಯಿಂದ ಇಂದಿನ ಬಜೆಟ್ ಭಾಷಣದವರೆಗೆ ಒಂದೇ ವಿಷಯ ಹರಿದು ಬಂದಿದೆ: ಮಲೆಯ ನೀರು ಬಯಲಿಗೆ ಹೇಗೆ ಇಳಿಯಬೇಕು, ಯಾರ ಪಾಲು ಎಷ್ಟು. ದುರ್ಗದ ಯುದ್ಧ 1779ಕ್ಕೆ ಮುಗಿಯಿತು. ಈ ಜಗಳ ಇಂದಿನ ಪತ್ರಿಕೆಯಲ್ಲೂ ಇದೆ.

ನನ್ನ ವಾದಕ್ಕೆ ಎದುರಾಗಿ ಮೂರು ಮಾತು ಬರುವುದು ಖಂಡಿತ. ಮೊದಲನೆಯದು, ಕೆರೆಯಲ್ಲಿ ಗೈಡೂ ಇಲ್ಲ, ಫಲಕವೂ ಇಲ್ಲ, ಯಾರು ಇದನ್ನೆಲ್ಲ ಹೇಳಬೇಕು? ಮಾತು ಸರಿ. ಆದರೆ ಅದು ನಮ್ಮ ಪ್ರವಾಸೋದ್ಯಮದ ಕೊರತೆ, ಕೆರೆಯದಲ್ಲ. ಅಲ್ಲಿಯವರೆಗೆ ಗದ್ದೆಯಲ್ಲಿ ಕೆಲಸ ಮಾಡುತ್ತಿರುವ ಯಾರನ್ನಾದರೂ 'ಈ ಸಲ ಕೋಡಿ ಬಿತ್ತಾ?' ಎಂದು ಕೇಳಿ ನೋಡಿ. ಸಂಬಳ ಪಡೆದ ಗೈಡ್ ಹೇಳದಷ್ಟು ಹೇಳುತ್ತಾರೆ. ಎರಡನೆಯದು, ಬರಗಾಲದಲ್ಲಿ ಹೋದರೆ ಬತ್ತಿದ ಕೆರೆಯಲ್ಲಿ ನೋಡುವುದೇನಿದೆ? ನನ್ನನ್ನು ಕೇಳಿದರೆ ಆಗಲೇ ಹೆಚ್ಚು. ತುಂಬಿದಾಗ ಕಂಬದ ತುದಿ ಮಾತ್ರ ಕಾಣುವ ತೂಬು ಆಗ ಬುಡದವರೆಗೆ ತೆರೆದುಕೊಳ್ಳುತ್ತದೆ, ಹೂಳು ಎಷ್ಟು ತುಂಬಿದೆ ಎಂದು ಕಣ್ಣಿಗೆ ಕಾಣುತ್ತದೆ. ಮೂರನೆಯದಕ್ಕೆ ಮಾತ್ರ ನಾನು ತಲೆಬಾಗುತ್ತೇನೆ: ನೀರು ಅಪಾಯ. ರಜೆಯ ದಿನ ಕೆರೆಗೆ ಇಳಿದು ಜೀವ ಕಳೆದುಕೊಂಡವರ ಸುದ್ದಿ ಪ್ರತಿ ಬೇಸಿಗೆಯಲ್ಲೂ ಓದುತ್ತೇವೆ. ಹೂಳು ಕಾಲನ್ನು ಹಿಡಿದರೆ ಈಜು ಬಲ್ಲವನೂ ಮೇಲೆ ಬರುವುದು ಕಷ್ಟ. ಆದರೆ ಈ ಅನಾಹುತಗಳಲ್ಲಿ ಹೆಚ್ಚಿನವು ಕೆರೆಯನ್ನು ಈಜುಕೊಳ ಎಂದುಕೊಂಡ ದಿನ ಆಗುತ್ತವೆ. ಕೋಟೆಯಲ್ಲಿ 'ಬುರುಜಿನ ಅಂಚಿಗೆ ಹೋಗಬೇಡ' ಎಂದು ಗದರುವ ಅಮ್ಮ, ಕೆರೆಯಲ್ಲಿ 'ಸ್ವಲ್ಪ ಆಡಲಿ ಬಿಡಿ' ಎನ್ನುವುದೂ ಕೆರೆ ಎಂದರೆ ಮೋಜು ಎಂಬ ಅದೇ ತಪ್ಪು ಲೆಕ್ಕದಿಂದ. ಸ್ಮಾರಕ ಎಂದುಕೊಂಡು ಬಂದವರು ಏರಿ ಬಿಟ್ಟು ಇಳಿಯುವುದಿಲ್ಲ. ತಿಂದ ತಟ್ಟೆ, ಪ್ಲಾಸ್ಟಿಕ್ ಬಾಟಲಿಯನ್ನು ಕೋಡಿಯ ಬಾಯಿಗೆ ಎಸೆದು ಹೋಗುವುದೂ ಇಲ್ಲ.

ಹಾಗಾಗಿ ಲಿಂಗದಹಳ್ಳಿ ಸರ್ಕಲ್ಲಿನ ಪಂಚಾಯಿತಿಗೆ ನನ್ನ ತೀರ್ಪು ಅಡ್ಡಗೋಡೆ ಮೇಲೆ ದೀಪ ಇಟ್ಟಂಥದ್ದಲ್ಲ. ಚಿತ್ರದುರ್ಗ ಒಂದು ದಿನದಲ್ಲಿ ಹೋಗಿ ಬರುವ ಜಾಗವಲ್ಲ. ದಾರಿಯಲ್ಲೇ ಅರ್ಧ ದಿನ ಕಳೆದು ಮಿಕ್ಕ ಅರ್ಧದಲ್ಲಿ ಏಳು ಸುತ್ತು ಓಡುವುದು ಕೋಟೆಗೂ ಅವಮಾನ, ಅಜ್ಜನ ಮೊಣಕಾಲಿಗೂ ಕಷ್ಟ. ಅದಕ್ಕೆ ಎರಡು ದಿನ ಇಟ್ಟುಕೊಂಡು ಬೇರೆಯಾಗಿಯೇ ಹೋಗಿ, ಹೊಂಡಗಳನ್ನು ಮೇಲಿನಿಂದ ಕೆಳಗೆ ಸಾಲಾಗಿ ನೋಡಿ. ಈ ಉಳಿದ ಒಂದು ದಿನ ಅಯ್ಯನಕೆರೆಗೆ ಕೊಡಿ. ಬೆಳಗ್ಗೆ ಏರಿಯ ಮೇಲೆ ನಡೆದು ತೂಬು, ಕೋಡಿ ತೋರಿಸಿ, ಏರಿಯ ಕೆಳಗಿನ ಗದ್ದೆ ತೋಟಕ್ಕೆ ಇಳಿದು ಆ ನೀರು ಏನು ಮಾಡುತ್ತಿದೆ ನೋಡಿ, ಸಖರಾಯಪಟ್ಟಣದಲ್ಲಿ ಹೊನ್ನಬಿಲ್ಲನ ಕಥೆ ಹೇಳಿ. ಬುತ್ತಿ ಬಿಚ್ಚುವುದಕ್ಕೆ ನನ್ನ ಆಕ್ಷೇಪಣೆ ಏನೂ ಇಲ್ಲ. ಆ ಬುತ್ತಿಯ ಅನ್ನ ಯಾವ ಕೆರೆಯ ಅಚ್ಚುಕಟ್ಟಿನದು ಎಂದು ಅಜ್ಜ ಒಂದು ಪ್ರಶ್ನೆ ಕೇಳಿದರೆ ಸಾಕು, ಅವರ ಶೈಕ್ಷಣಿಕ ಪ್ರವಾಸವೂ ಆಯಿತು, ಮಗನ ಊಟವೂ ಆಯಿತು. ಶಾಲೆಗಳೂ ಮುಂದಿನ ವರ್ಷ ಆ ಬ್ಯಾನರನ್ನು ಕೆರೆಗೆ ಹೋಗುವ ಬಸ್ಸಿಗೇ ಕಟ್ಟಲಿ.